ಬೇವಿನ ಬೀಜದ ಸಾರಗ್ರಹಣ: ಒಂದು ವಿಮರ್ಶೆ

ಬೇವಿನ ಬೀಜದ ವಿಷಯದಲ್ಲಿ, ಹೆಚ್ಚು ತೂಕದ ಸಾರವನ್ನು ಕೊಡುವ ದ್ರಾವಕವೇ ಶ್ರೇಷ್ಠವೆಂಬ ಮತವೊಂದುಂಟು. ಇದು ವಿಚಾರಾರ್ಹವು. ಹೆಕ್ಸೇನು ಎಣ್ಣೆಯನ್ನು ವಿಪುಲವಾಗಿ ಸೆಳೆಯುವುದು. ಆದರೆ 1968ರಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬವರು ಬೇರ್ಪಡಿಸಿದ ಕೀಟನಿವಾರಕವಾದ ಅಜಾಡಿರಾಕ್ಟಿನ್ನಿನ ಬಹ್ವಂಶವು ಹಿಂಡಿಯಲ್ಲಿಯೇ ನಿಲ್ಲುವುದು. ಅದನ್ನು ಕರಗಿಸಲು ಮದ್ಯಸಾರದಂತಹ ದ್ರಾವಕ ಬೇಕು. ಮದ್ಯಸಾರಕ್ಕೆ ತುಸು ನೀರು ಬೆರೆತರೆ ಬೀಜಕಣಗಳು ಉಬ್ಬಿ ದಾರಿಯಾಗುವುದು. ನೀರು ಮಿತಿಮೀರಿದರೆ ಸಕ್ಕರೆ ಮುಂತಾದುವು ಸೇರಿ ತೂಕ ಹೆಚ್ಚುವುದು, ಗುಣ ತಗ್ಗುವುದು. ತೂಕವನ್ನು ನಂಬಿದ ರೈತನ ಬೆಳೆ ಹುಳುವಿನ ಪಾಲು!

ಶಾರ್ಙ್ಗಧರನು ಸ್ನೇಹಪಾಕಕ್ಕೆ ಕಲ್ಕ 1, ಸ್ನೇಹ 4, ದ್ರವ 16 ಎಂದು ಪ್ರಮಾಣ ಹೇಳಿರುವನು. ಇದೇ ಇಂದಿನ ಮಿಶ್ರದ್ರಾವಕವೆಂದು ಹಿಗ್ಗುವ ನಮ್ಮವರ ಮಾತೂ ಒಪ್ಪತಕ್ಕುದಲ್ಲ; ಅಲ್ಲಿ ನೀರು ಆವಿಯಾಗಿ ಸ್ನೇಹವೊಂದೇ ಉಳಿಯುವುದು. ಆದುದರಿಂದ ಮೊದಲು ಸಾಧ್ಯವನ್ನು ನಿಶ್ಚಯಿಸಿ, ಅನಂತರ ಪ್ರಮಾಣವನ್ನು ಅರಸುವುದೇ ಯುಕ್ತವು.