ಸೇರಿಸಿದವರ ಗದ್ಯ

ಹಳೆಯ ಪಠ್ಯವೊಂದು ಕೈಗೆ ಬಂದರೆ ನಾವು ಮೊದಲು ಕೇಳುವುದು: ಇದು ಕವಿಯದೋ, ಆಮೇಲೆ ಯಾರೋ ಸೇರಿಸಿದ್ದೋ? ಸೇರಿಸಿದ್ದಾದರೆ ‘ಪ್ರಕ್ಷಿಪ್ತ’ ಎಂದು ಅಡಿಟಿಪ್ಪಣಿಗೆ ತಳ್ಳುತ್ತೇವೆ. ಸೇರಿಸುವವರ ಬರಹವನ್ನೇ ಬರಹವೆಂದು ಓದುವುದು ಹೇಗೆ? ಈ ಪ್ರಶ್ನೆ ನನಗೆ ಎದುರಾದದ್ದು ಗ್ರಂಥಸಂಪಾದನೆಯಲ್ಲಲ್ಲ, ಓಪನ್ ಸೋರ್ಸ್ ಎಕ್ಸ್‌ಟೆನ್ಷನ್‌ಗಳ ‘ರೀಡ್‌ಮಿ’ ಮತ್ತು ‘ಚೇಂಜ್‌ಲಾಗ್’ ಕಡತಗಳಲ್ಲಿ.

ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿಗೋ ಕೋಡ್ ಎಡಿಟರಿಗೋ ಹೊರಗಿನವರು ಜೋಡಿಸುವ ಸಣ್ಣ ತಂತ್ರಾಂಶ. 2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್‌ಗೆ ಬರೆದ ಫೈರ್‌ಬಗ್ ಅಂಥದ್ದು. ವೆಬ್ ಪುಟದ ಒಳಗನ್ನು ಬ್ರೌಸರಿನಲ್ಲೇ ಬಿಚ್ಚಿ, ತಿದ್ದಿ ನೋಡಲು ಅದು ಕಲಿಸಿತು. ಆಮೇಲೆ ಬೇರೆಯವರು ವರ್ಷಗಟ್ಟಲೆ ಅದನ್ನು ಸಾಕಿದರು. ಕೊನೆಗೆ ಆ ಸೌಲಭ್ಯಗಳೆಲ್ಲ ಬ್ರೌಸರಿನೊಳಗೇ ಬಂದವು. 2017ರಲ್ಲಿ ಫೈರ್‌ಬಗ್ ನಿಂತಿತು.

ವಿಎಸ್ ಕೋಡ್ ಎಡಿಟರಿನ ‘ಬ್ರಾಕೆಟ್ ಪೇರ್ ಕಲರೈಜರ್’ನದೂ ಇದೇ ಕಥೆ. ಯಾವ ಕಂಸ ಎಲ್ಲಿ ತೆರೆದು ಎಲ್ಲಿ ಮುಚ್ಚಿತೆಂದು ಅದು ಬಣ್ಣ ಹಚ್ಚಿ ತೋರಿಸುತ್ತಿತ್ತು. ಕೋಡನ್ನು ಬಿಡಿಸಿ ಎಡಿಟರ್ ಆಗಲೇ ಕಲೆಹಾಕಿಟ್ಟ ಮಾಹಿತಿ ಹೊರಗಿನ ಎಕ್ಸ್‌ಟೆನ್ಷನ್‌ಗೆ ಸಿಗುತ್ತಿರಲಿಲ್ಲ. ಹಾಗಾಗಿ ದೊಡ್ಡ ಕಡತಗಳಲ್ಲಿ ತೆವಳುತ್ತಿತ್ತು. 2021ರಲ್ಲಿ ಮೈಕ್ರೋಸಾಫ್ಟ್ ಅದೇ ಕೆಲಸವನ್ನು ಎಡಿಟರಿನೊಳಗೆ ತಂದು ಬಹಳ ವೇಗವಾಗಿಸಿತು. ಅಲ್ಲಿಗೆ ಎಕ್ಸ್‌ಟೆನ್ಷನ್‌ನ ಅಗತ್ಯ ಮುಗಿಯಿತು. ಇಲ್ಲಿ ಪ್ರಕ್ಷಿಪ್ತವೇ ಮೂಲವಾಯಿತು, ಸೇರಿಸಿದವರು ಮಾತ್ರ ಹೊರಗುಳಿದರು.

ಇಂಥ ಕಡತಗಳ ಗದ್ಯ ನನಗೆ ಇಷ್ಟ. ‘ಈ ದೋಷ ಸರಿಪಡಿಸಿದೆ’, ‘ಹೊಸ ಆವೃತ್ತಿಗೆ ಹೊಂದಿಸಿದೆ’: ಕ್ರಿಯಾಪದವಿದೆ, ಕರ್ತೃವಿಲ್ಲ. ಮೊದಲ ಓದಿಗೆ ನಾನು ಅಂಚಿನಲ್ಲಿ ‘ಕಾಯಕ’ ಎಂದು ಬರೆದುಕೊಂಡೆ. ಆಮೇಲೆ ಹೊಡೆದುಹಾಕಿದೆ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯನಿಗೆ ಹೇಳಿದ್ದು ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸಲು, ಅಕ್ಕಿಯೇ ಬೇಡವೆಂದಲ್ಲ. ಕಾಯಕದಲ್ಲಿ ಹೊಟ್ಟೆಪಾಡಿಗೂ ಜಾಗವಿತ್ತು. ಬಿಟ್ಟಿ ದುಡಿಮೆಗೆ ಆ ಹೆಸರಿಡುವುದು ಎರಡಕ್ಕೂ ಅನ್ಯಾಯ.

ನಿರ್ವಹಣೆ ಎಂದರೆ ಹೊಸದನ್ನು ಕಟ್ಟುವುದಕ್ಕಿಂತ ಹೆಚ್ಚಾಗಿ, ಬ್ರೌಸರ್ ಬದಲಾದಾಗಲೆಲ್ಲ ನಿನ್ನೆ ನಡೆದದ್ದು ಇವತ್ತೂ ನಡೆಯುವಂತೆ ನೋಡಿಕೊಳ್ಳುವುದು. ಇಂಥ ಕೆಲಸ ಕೆಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಎಂಐಟಿಯಂಥ ಪರವಾನಗಿಗಳು ಯಾವ ಖಾತರಿಯೂ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತವೆ. ಆದರೂ ದೂರು ಬರೆಯುವವರ ದನಿ ಎಷ್ಟೋ ಸಲ ದುಡ್ಡು ಕೊಟ್ಟ ಗಿರಾಕಿಯದು: ಇನ್ನೂ ಯಾಕೆ ಸರಿಯಾಗಿಲ್ಲ?

ಆ ಮಿತವಾದ ಗದ್ಯವನ್ನು ಸಂಯಮವೆಂದು ಹೊಗಳುವಾಗ ನನಗೀಗ ಅಳುಕು. ಅದು ಸಂಯಮವೂ ಇರಬಹುದು, ದಣಿವೂ ಇರಬಹುದು, ಪಠ್ಯವೊಂದರಿಂದಲೇ ಹೇಳಲಾಗದು. ಹಾಗಾಗಿ ಈಗೀಗ ಚೇಂಜ್‌ಲಾಗ್ ಓದುವಾಗ ದಿನಾಂಕಗಳನ್ನೂ ಓದುತ್ತೇನೆ. ಒಂದು ಸಾಲಿಗೂ ಅದರ ಮುಂದಿನ ಸಾಲಿಗೂ ನಡುವೆ ಮೊದಲು ಎರಡು ವಾರ, ಆಮೇಲೆ ಎರಡು ತಿಂಗಳು, ಆಮೇಲೆ ಒಂದು ವರ್ಷ. ಸಾಲುಗಳು ಹೇಳದ್ದನ್ನು ಆ ಅಂತರ ಹೇಳುತ್ತಿರುತ್ತದೆ.