ಭಯಾನಕಕ್ಕೆ ಸಭೆ ಬೇಕು

ಜಾನ್ ಕ್ರಾಸಿನ್ಸ್ಕಿಯವರ ‘ಎ ಕ್ವಯಟ್ ಪ್ಲೇಸ್’ ಚಿತ್ರದ ಎರಡನೆಯ ಭಾಗವು 2020ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಪ್ರಥಮ ಪ್ರದರ್ಶನವನ್ನು ಕಂಡು, ಇನ್ನೇನು ಎಲ್ಲೆಡೆ ತೆರೆಗೆ ಬರಬೇಕೆನ್ನುವಷ್ಟರಲ್ಲಿ, ಕೊರೋನಾ ಮಹಾಮಾರಿಯು ಅಮೆರಿಕದ ಚಿತ್ರಮಂದಿರಗಳ ಬಾಗಿಲನ್ನು ಮುಚ್ಚಿಸಿತು. ಚಿತ್ರವನ್ನು ಓಟಿಟಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಸುಲಭಮಾರ್ಗವನ್ನು ಹಿಡಿಯದೆ, ವರ್ಷಕ್ಕೂ ಮಿಗಿಲಾಗಿ ಕಾದು, 2021ರ ಮೇ 28ರಂದು ಮಂದಿರಗಳಲ್ಲಿಯೇ ಅದನ್ನು ಬಿಡುಗಡೆ ಮಾಡಿದ ನಿರ್ಧಾರವನ್ನು ಬರಿಯ ವಾಣಿಜ್ಯದ ಲೆಕ್ಕಾಚಾರವೆಂದು ನಾನು ಎಣಿಸಲಾರೆ.

ಸದ್ದನ್ನು ಅರಸಿ ಬಂದು ಕೊಲ್ಲುವ ಜೀವಿಗಳಿಗೆ ಅಂಜಿ ಬರಿಗಾಲಿನಲ್ಲಿ ನಡೆಯುವ, ಕೈಸನ್ನೆಯಲ್ಲಿಯೇ ಮಾತನಾಡುವ ಒಂದು ಸಂಸಾರದ ಕಥೆಯದು. ಕಿವಿ ಕೇಳದ ಮಗಳು ರೀಗನ್ನಳ ಪಾತ್ರವನ್ನು, ತಾನೂ ಶ್ರವಣಶಕ್ತಿಯಿಲ್ಲದ ಮಿಲಿಸೆಂಟ್ ಸಿಮಂಡ್ಸ್ ಎಂಬ ನಟಿ ವಹಿಸಿದ್ದಾಳೆ. ಚಿತ್ರವು ಅವಳ ಅನುಭವದೊಳಗೆ ಪ್ರವೇಶಿಸಿದೊಡನೆ ಸಕಲ ಧ್ವನಿಯೂ ಅಳಿದು, ಕತ್ತಲೆಯಲ್ಲಿ ಕುಳಿತ ನೂರಾರು ಅಪರಿಚಿತರು ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಾರೆ. ಮನೆಯಲ್ಲಾದರೋ ಆ ನಿಶ್ಶಬ್ದವು ಪಕ್ಕದ ಕೋಣೆಯ ಮಾತಿಗೋ ಕುಕ್ಕರಿನ ಸೀಟಿಗೋ ಬಲಿಯಾಗುತ್ತದೆ; ಮೇಲಾಗಿ, ರಿಮೋಟು ಕೈಯಲ್ಲಿರುವವನು ಭಯವನ್ನು ಬೇಕೆಂದಾಗ ನಿಲ್ಲಿಸಬಲ್ಲನು. ಭಯಾನಕವನ್ನು ಎಂಟು ರಸಗಳಲ್ಲೊಂದಾಗಿ ಎಣಿಸಿದ ಭರತನ ನಾಟ್ಯಶಾಸ್ತ್ರವೇ ತನ್ನ ಎರಡನೆಯ ಅಧ್ಯಾಯದಲ್ಲಿ ಪ್ರೇಕ್ಷಾಗೃಹದ ಅಳತೆಗಳನ್ನು ವಿಧಿಸಿ, ಮಂಟಪವು ಅತಿ ವಿಸ್ತಾರವಾದರೆ ನಟನ ಮಾತು ಅಸ್ಪಷ್ಟವಾಗುವುದೆಂದು ಎಚ್ಚರಿಸಿರುವುದನ್ನು ನೆನೆದರೆ, ರಸವನ್ನೂ ಅದು ಒದಗುವ ಸ್ಥಳವನ್ನೂ ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದು ಮನವರಿಕೆಯಾಗುತ್ತದೆ.

ಭಯಾನಕ ಚಿತ್ರಗಳ ಉತ್ತರಭಾಗಗಳೆಲ್ಲವೂ ಹಳೆಯದರ ಪುನರುಕ್ತಿಯೆಂಬ ದೂರನ್ನು ನಾನು ಒಪ್ಪಲಾರೆ; ಜೇಮ್ಸ್ ವೇಲ್ 1935ರಲ್ಲಿ ನಿರ್ದೇಶಿಸಿದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಆತನದೇ 1931ರ ಮೂಲಚಿತ್ರಕ್ಕಿಂತ ಮೇಲಾದ ಕೃತಿ. ಮಂದಿರದಲ್ಲಿಯೂ ಓಟಿಟಿಯಲ್ಲಿಯೂ ಒಂದೇ ದಿನ ತೆರೆಕಂಡ 2021ರ ‘ಹ್ಯಾಲೋವೀನ್ ಕಿಲ್ಸ್’ ಮಾತ್ರ ಆ ದೂರಿಗೆ ತಕ್ಕದ್ದೇ: ಹತ್ಯೆಯ ಮೇಲೆ ಹತ್ಯೆ ನಡೆದರೂ ಭಯವು ಬಲಿಯುವುದಿಲ್ಲ. ಇದಕ್ಕೆ ವ್ಯತಿರಿಕ್ತವಾದ, ನನಗೆ ಅತ್ಯಂತ ಭರವಸೆಯಿತ್ತ ಪ್ರಸಂಗವೆಂದರೆ ‘ಸ್ಮೈಲ್’ ಚಿತ್ರದ್ದು. ಪ್ಯಾರಮೌಂಟಿನ ಓಟಿಟಿಗೆಂದೇ ಸಿದ್ಧವಾದ ಆ ಚಿತ್ರವು, ಪರೀಕ್ಷಾ ಪ್ರದರ್ಶನಗಳಲ್ಲಿ ನೆರೆದವರ ಪ್ರತಿಕ್ರಿಯೆಯನ್ನು ಕಂಡ ಬಳಿಕ 2022ರಲ್ಲಿ ಮಂದಿರಗಳಿಗೆ ತಿರುಗಿತು. ಸುಮಾರು 1 ಕೋಟಿ 70 ಲಕ್ಷ ಡಾಲರಿನ ವೆಚ್ಚಕ್ಕೆ 20 ಕೋಟಿಗೂ ಮಿಗಿಲಾದ ಗಳಿಕೆಯಾಗಿ, 2024ರಲ್ಲಿ ಅದರ ಎರಡನೆಯ ಭಾಗವೂ ಬಂದಿತು. ‘ಈವಿಲ್ ಡೆಡ್ ರೈಸ್’ ಸಹ ಇದೇ ಹಾದಿಯನ್ನು ತುಳಿಯಿತು.

ಅಷ್ಟು ಕಾದ ‘ಎ ಕ್ವಯಟ್ ಪ್ಲೇಸ್’ನ ಉತ್ತರಭಾಗವು ಕೇವಲ 45 ದಿನಗಳಲ್ಲಿ ಓಟಿಟಿಯನ್ನು ಸೇರಿತೆಂಬುದು ನಿಜ. ಮಂದಿರವಿಲ್ಲದ ಊರಿನವರಿಗೆ ಅದರಿಂದ ಉಪಕಾರವೇ ಆಯಿತಾಗಿ, ಅದಕ್ಕಾಗಿ ನಾನು ಕೊರಗುವುದಿಲ್ಲ. ನನ್ನ ಆತಂಕವಿರುವುದು ಮಂದಿರಗಳ ಬಗೆಗೇ. ಟಿಕೆಟ್ಟಿನ ಹಣಕ್ಕೆ ಪ್ರತಿಯಾಗಿ ಮಂದಿರದೊಡೆಯರು ಕೊಡಬೇಕಾದದ್ದು ಅಪ್ಪಟ ಕತ್ತಲೆ, ಹದವರಿತ ಧ್ವನಿ, ಮೊಬೈಲು ಬೆಳಗಿಸುವವನನ್ನು ಎಬ್ಬಿಸಿ ಕಳುಹಿಸುವ ಕಟ್ಟುನಿಟ್ಟು. ರೀಗನ್ನಳ ನಿಶ್ಶಬ್ದದ ನಡುವೆ ಪಕ್ಕದ ತೆರೆಯ ಹಾಡು ಗೋಡೆ ದಾಟಿ ಕೇಳಿಸುವ ಮಲ್ಟಿಪ್ಲೆಕ್ಸಿಗಿಂತ ಮನೆಯ ಹೆಡ್‌ಫೋನೇ ಲೇಸೆಂದು ಪ್ರೇಕ್ಷಕನು ಹೇಳಿದರೆ, ಅವನನ್ನು ಆಕ್ಷೇಪಿಸುವ ಬಾಯಿ ನನಗಿಲ್ಲ.