ಬಲಗೈ ಭಾಷೆ ಕೊಡದ ಸಂಕಮ್ಮ

ಮಲೆ ಮಾದೇಶ್ವರ ಕಾವ್ಯದಲ್ಲಿ ಪವಾಡಗಳಿವೆ, ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯ ಸಂಹಾರವಿದೆ. ಆದರೆ ಕಂಸಾಳೆಯವರ ಹಾಡು ಕೇಳಿ ಎದ್ದು ಹೋದ ಮೇಲೂ ಮನಸ್ಸಿನಲ್ಲಿ ಉಳಿಯುವುದು ಸಂಕಮ್ಮನ ಸಾಲು. 'ಸಾಲು' ಎಂದರೆ ಈ ಕಾವ್ಯದ ಒಂದೊಂದು ಕಥಾಭಾಗ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಪುಸ್ತಕರೂಪದಲ್ಲಿ ತಂದರು. ಅಲ್ಲಿಂದೀಚೆಗೆ ಸಂಕಮ್ಮನ ಕಥೆಯನ್ನು ಹೆಣ್ಣಿನ ಆತ್ಮಗೌರವದ ಕಥೆಯೆಂದು ಓದುತ್ತ ಬಂದಿದ್ದೇವೆ. ಆ ಓದು ಸರಿಯೇ. ಅದರ ಜೊತೆಗೆ ಇದನ್ನು ರಾಜಕೀಯದ ಕಥೆಯಾಗಿಯೂ ಓದಬೇಕೆಂಬುದು ನಮ್ಮ ವಾದ.

ಕಥೆ ಸರಳ. ಸೋಲಿಗರ ನೀಲಯ್ಯ ಕಾಡಿಗೆ ಹೊರಡಬೇಕು. ಹೆಂಡತಿಯ ಮೇಲೆ ಅವನಿಗೆ ಅನುಮಾನ. ತಾನು ಬರುವ ತನಕ ಪತಿವ್ರತೆಯಾಗಿರುತ್ತೇನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಹಿಂಸಿಸುತ್ತಾನೆ. ಅವಳು ಆಗಲೂ ಕೊಡುವುದಿಲ್ಲ. ಕೊನೆಗೆ ಅವಳನ್ನು ಕಾಡಿನ ಗುಡಿಸಲಲ್ಲಿ ಬಂಧಿಸಿಟ್ಟು ಹೋಗುತ್ತಾನೆ. ಅಲ್ಲಿಗೆ ಮಾದಪ್ಪ ಬರುತ್ತಾನೆ, ಬಿಡಿಸುತ್ತಾನೆ. ಅವನ ಕೃಪೆಯಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುತ್ತಾರೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಭಾಷೆ ಕೊಡುವುದರಿಂದ ಸಂಕಮ್ಮನಿಗೆ ಯಾವ ನಷ್ಟವೂ ಇರಲಿಲ್ಲ. ಅವಳ ನಡತೆ ಶುದ್ಧವಾಗಿತ್ತು. ಒಂದು ಮಾತು ಆಡಿದ್ದರೆ ಯಾತನೆಯೆಲ್ಲ ತಪ್ಪುತ್ತಿತ್ತು. ಆದರೂ ಅವಳು ಒಪ್ಪಲಿಲ್ಲ. ಏಕೆಂದರೆ ಆ ಮಾತು ಕೊಟ್ಟ ಕ್ಷಣದಿಂದ ಅವಳ ನಿಷ್ಠೆ ಅವಳದಾಗಿ ಉಳಿಯುತ್ತಿರಲಿಲ್ಲ, ಗಂಡನ ಭಯದ ಫಲವಾಗುತ್ತಿತ್ತು. ತಾನಾಗಿ ಪಾಲಿಸುತ್ತಿದ್ದ ಧರ್ಮವನ್ನು ಬಲವಂತದ ಕೈಗೆ ಒಪ್ಪಿಸಲು ಅವಳು ಸಿದ್ಧಳಿರಲಿಲ್ಲ.

ಇದೇ ಸೀಮೆಯ ಯಳಂದೂರಿನವಳು ಸಂಚಿಯ ಹೊನ್ನಮ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673-1704) ಅರಮನೆಯಲ್ಲಿ ಸಂಚಿ ಹಿಡಿಯುವ ಕೆಲಸದಲ್ಲಿದ್ದು 'ಹದಿಬದೆಯ ಧರ್ಮ' ಬರೆದಳು. ಹೆಣ್ಣನ್ನು ಹೀಗಳೆಯುವವರನ್ನು ಅವಳೂ ಪ್ರಶ್ನಿಸುತ್ತಾಳೆ. ಆದರೆ ಅವಳ ಕಾವ್ಯದ ಚೌಕಟ್ಟು ಪತಿವ್ರತೆಯ ಕರ್ತವ್ಯಗಳದು. ಅಕ್ಷರ ಬಲ್ಲ ಹೊನ್ನಮ್ಮ ಆಸ್ಥಾನದ ನೆರಳಿನಲ್ಲಿ ಎಷ್ಟು ಕೇಳಬಹುದೋ ಅಷ್ಟು ಕೇಳಿದಳು. ಹನೂರಿನ ಬೆಟ್ಟದ ಅನಕ್ಷರಸ್ಥ ಗಾಯಕರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಧರ್ಮವನ್ನು ಪಾಲಿಸುವವಳಿಂದ ಪ್ರಮಾಣ ಕೇಳುವ ಅಧಿಕಾರ ಯಾರಿಗಿದೆ ಎಂದು ಕೇಳಿದರು.

ಹಾಗೆಂದು ಈ ಕಾವ್ಯವನ್ನು ಸ್ವಾತಂತ್ರ್ಯದ ಶಾಸನವೆಂದು ಹೊಗಳಿ ಮುಗಿಸುವಂತಿಲ್ಲ. ಬೇವಿನಹಟ್ಟಿ ಕಾಳಮ್ಮನ ಸಾಲಿನಲ್ಲಿ ಇದೇ ಮಾದಪ್ಪ ತನಗೆ ಒಲಿಯದವಳ ಮನೆ ಹಾಳು ಮಾಡಿ ಒಕ್ಕಲಾಗಿಸಿಕೊಳ್ಳುತ್ತಾನೆ. ಕಾಳಮ್ಮನ 'ಇಲ್ಲ'ಕ್ಕೆ ಸಿಕ್ಕಿದ್ದು ಶಿಕ್ಷೆ, ಸಂಕಮ್ಮನ 'ಇಲ್ಲ'ಕ್ಕೆ ಸಿಕ್ಕಿದ್ದು ರಕ್ಷಣೆ. ಕಾಳಮ್ಮ ಸಿರಿವಂತೆ, ಅವಳದು ಸೊಕ್ಕಿನ ನಿರಾಕರಣೆ ಎಂದು ಸಮಾಧಾನ ಹೇಳಬಹುದು. ನಮಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಭಯದಿಂದ ಬಂದ ಭಕ್ತಿ ದೇವರ ಪರವಾಗಿದ್ದರೂ ಭಯವೇ. ಕಾವ್ಯ ಈ ಬಿರುಕನ್ನು ಮುಚ್ಚಿಡುವುದಿಲ್ಲ ಎಂಬುದು ಅದರ ದೊಡ್ಡತನ.

ಇಸ್ಲಾಮಿನ ಇತಿಹಾಸದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಮದೀನಾದ ಇಮಾಮ್ ಮಾಲಿಕರು ಬಲವಂತದಿಂದ ಹೇಳಿಸಿದ ತಲಾಖ್ ಸಿಂಧುವಲ್ಲ ಎಂದು ಬೋಧಿಸುತ್ತಿದ್ದರು. ಕೇಳಲು ಇದು ಸಂಸಾರದ ವಿಷಯ. ಆದರೆ ಆಗ ಖಲೀಫ ಮನ್ಸೂರನ ಕಾಲ. 762ರಲ್ಲಿ ಮದೀನಾ ಅವನ ವಿರುದ್ಧ ದಂಗೆ ಎದ್ದಿತು. ಬಲವಂತದ ತಲಾಖ್ ಸಲ್ಲದಿದ್ದರೆ ಖಲೀಫನಿಗೆ ಬಲವಂತದಿಂದ ಮಾಡಿದ ಬೈಅತ್, ಅಂದರೆ ನಿಷ್ಠೆಯ ಪ್ರಮಾಣವೂ ಸಲ್ಲದು ಎಂದು ಜನ ಅರ್ಥ ಮಾಡಿಕೊಂಡರು. ಆಳುವವರಿಗೂ ಅದು ಅರ್ಥವಾಯಿತು. ಇಮಾಮರಿಗೆ ಚಾಟಿಯೇಟು ಬಿತ್ತು. ಬಲವಂತದ ತಲಾಖಿನ ವಿಚಾರದಲ್ಲಿ ಹನಫಿ ಪಂಡಿತರ ಅಭಿಪ್ರಾಯ ಬೇರೆಯಿದೆ, ಆ ಚರ್ಚೆ ಇಲ್ಲಿ ಬೇಡ. ಮನೆಯೊಳಗಿನ ಒಂದು ಮಾತು ಸಿಂಹಾಸನವನ್ನು ಅಲುಗಿಸಬಲ್ಲದು ಎಂಬುದಷ್ಟೇ ಇಲ್ಲಿ ಮುಖ್ಯ.

ಇನ್ನು ನಮ್ಮ ಕಾಲಕ್ಕೆ ಬರೋಣ. ಚುನಾವಣೆ ಹತ್ತಿರವಾದಂತೆ ನೋಟು ಕೊಟ್ಟು, ದೇವರ ಪಟದ ಮುಂದೆಯೋ ಕುರ್‌ಆನಿನ ಮೇಲೆಯೋ ಕೈ ಇಡಿಸಿ ಆಣೆ ಮಾಡಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಗುಟ್ಟಿನ ಮತದಾನವಿದೆಯಲ್ಲ ಎಂದರೆ, ಆ ಗುಟ್ಟಿನೊಳಗೆ ನುಗ್ಗುವುದಕ್ಕೇ ದೇವರನ್ನು ಕರೆತರುತ್ತಾರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮು ಇದನ್ನು ಊಹಿಸಿತ್ತು. ದೈವಕೋಪಕ್ಕೆ ಗುರಿಯಾಗುತ್ತೀಯೆಂದು ಮತದಾರನನ್ನು ನಂಬಿಸುವುದು ಅಲ್ಲಿ ಭ್ರಷ್ಟಾಚರಣೆ. ಕಾನೂನು ಸಂಕಮ್ಮನ ಪರವಾಗಿದೆ. ಆದರೆ ಆಣೆ ಮಾಡಿದ ಬಡವಿ ಬೂತಿನೊಳಗೆ ಹೋದಾಗ ಅವಳ ಕಿವಿಯಲ್ಲಿ ಕಾನೂನಿನ ಮಾತಿಗಿಂತ ಮಕ್ಕಳಿಗೇನಾದೀತೋ ಎಂಬ ಅಳುಕೇ ಜೋರಾಗಿರುತ್ತದೆ.

ದೊಡ್ಡವರ ಆಣೆಯ ಕಥೆ ಬೇರೆ. 2011ರ ಜೂನ್ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮತ್ತು ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಧರ್ಮಸ್ಥಳದಲ್ಲಿ ಆಣೆ ಪ್ರಮಾಣದ ಸವಾಲು ಹಾಕಿಕೊಂಡರು. ನಾಡೆಲ್ಲ ಕಾದು ಕುಳಿತಿತ್ತು. ಇಬ್ಬರೂ ಹೋದರು, ದರ್ಶನ ಮಾಡಿದರು, ಆಣೆ ಮಾತ್ರ ಆಗಲಿಲ್ಲ. ಆಣೆಯಿಂದ ಹಿಂದೆ ಸರಿಯುವ ಸೌಕರ್ಯ ಮುಖಂಡರಿಗಿದೆ, ಕೂಲಿ ಹೆಣ್ಣಿಗಿಲ್ಲ. ಇನ್ಸಾಫಿನ ಪ್ರಶ್ನೆ ಹುಟ್ಟುವುದು ಇಲ್ಲಿ.

ಯಾರು ಗೆದ್ದರೇನು, ಎಲ್ಲ ಹಣೆಬರಹ, ಎಲ್ಲ ತಕದೀರ್ ಎನ್ನುವವರೂ ಇದ್ದಾರೆ. ತಮ್ಮ ಆಳ್ವಿಕೆ ದೇವರ ವಿಧಿ ಎಂಬ ಮಾತು ಉಮಯ್ಯದ್ ದೊರೆಗಳಿಗೂ ಅನುಕೂಲವಾಗಿತ್ತು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ! ಸೋತವರು 2023ರಲ್ಲಿ ಯಳಂದೂರನ್ನೂ ಒಳಗೊಂಡ ಕೊಳ್ಳೇಗಾಲ ಕ್ಷೇತ್ರದಿಂದ ಗೆದ್ದು ಬಂದರು. ಹತ್ತೊಂಬತ್ತು ವರ್ಷಗಳ ಅಂತರವನ್ನು ನಿರ್ಧರಿಸಿದ ಆ ಒಂದು ಮತ ಯಾರದೋ ಒಬ್ಬರ ಬೆರಳಿನದು. ಅದನ್ನು ವಿಧಿ ಎನ್ನುವುದಾದರೆ, ವಿಧಿ ಆ ದಿನ ಮನುಷ್ಯನ ಕೈಯಲ್ಲಿತ್ತು ಎಂದೂ ಹೇಳಬೇಕಾಗುತ್ತದೆ.

ಆದ್ದರಿಂದ ನಮ್ಮ ಮಾತು ಆಣೆ ಮಾಡಿದ ಬಡವರಿಗಲ್ಲ, ಮಾಡಿಸುವವರಿಗೆ. ಜಮಾತಿನ ಹಿರಿಯರು, ಮಠದ ಸ್ವಾಮಿಗಳು, ಕುಲದ ಯಜಮಾನರು 'ನಮ್ಮವರ ಓಟೆಲ್ಲ ನಿಮಗೇ' ಎಂದು ಅಭ್ಯರ್ಥಿಗೆ ಮಾತು ಕೊಡುತ್ತಾರೆ. ಅವರು ಕೊಡುತ್ತಿರುವುದು ಬೇರೆಯವರ ಬಲಗೈ. ದೇವರನ್ನು ನಿಜಕ್ಕೂ ನಂಬುವವನು ಅವನನ್ನು ಓಟಿನ ಜಾಮೀನುದಾರನಾಗಿ ನಿಲ್ಲಿಸಲಾರ. ಬೆಟ್ಟದ ಹಾಡುಗಾರರ ಪ್ರಕಾರ ದೇವರು ಬಂದು ನಿಂತದ್ದು ಭಾಷೆ ಕೇಳಿದ ನೀಲಯ್ಯನ ಬಳಿ ಅಲ್ಲ, ಕೊಡದೆ ಕುಳಿತವಳ ಬಳಿ.